ಕಾಳಿಯ ಪಾಲಿನ ಎರಡು ಖಂಡುಗ

ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನಲ್ಲಿ ಆತಕೂರು ಎಂಬುದೊಂದು ಊರು. ಆ ಊರಿನ ಚಲ್ಲೇಶ್ವರ ದೇವಾಲಯದ ಮುಂದೆ ಸಾವಿರ ವರ್ಷಗಳಿಗೂ ಹಿಂದೆ ನೆಟ್ಟಿದ್ದ ಕಲ್ಲೊಂದು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದೆ. ಕನ್ನಡನಾಡಿನಲ್ಲಿ ವೀರಗಲ್ಲುಗಳಿಗೆ ಬರವಿಲ್ಲ. ತುರುಗಳನ್ನು ಬಿಡಿಸಲು ಹೋಗಿ ಮಡಿದವರಿಗೆ, ಊರಳಿವಿನಲ್ಲಿ ಕಾದಿ ಸತ್ತವರಿಗೆ, ಒಡೆಯನಿಗಾಗಿ ತಲೆಕೊಟ್ಟವರಿಗೆ ನಮ್ಮ ಹಳ್ಳಿಹಳ್ಳಿಗಳಲ್ಲಿಯೂ ಕಲ್ಲುಗಳಿವೆ. ಆದರೆ ಆತಕೂರಿನ ಕಲ್ಲಿನ ಮೇಲೆ ಕತ್ತಿ ಹಿಡಿದ ವೀರನಿಲ್ಲ. ವಿಮಾನವೇರಿಸಿ ಸ್ವರ್ಗಕ್ಕೆ ಕರೆದೊಯ್ಯುವ ಅಪ್ಸರೆಯರೂ ಇಲ್ಲ. ಅಲ್ಲಿರುವುದು ಒಂದು ನಾಯಿ ಮತ್ತು ಒಂದು ಹಂದಿ. ಎರಡೂ ಒಂದರ ಮೇಲೊಂದು ಬಿದ್ದು ಸೆಣಸುತ್ತಿವೆ. ಆ ನಾಯಿಯ ಹೆಸರು ಕಾಳಿ.

ಕ್ರಿಸ್ತಶಕ 949–50ರ ಈ ಶಾಸನ ಹೇಳುವ ಕಥೆ ಹೀಗಿದೆ. ರಾಷ್ಟ್ರಕೂಟರ ಮೂರನೆಯ ಕೃಷ್ಣನ ಪರವಾಗಿ ಗಂಗರ ಇಮ್ಮಡಿ ಬೂತುಗನು ತಕ್ಕೋಲದ ಕಾಳಗದಲ್ಲಿ ಚೋಳ ರಾಜಾದಿತ್ಯನೊಡನೆ ಕಾದಿದನು. ರಾಜಾದಿತ್ಯನು ಆ ಕಾಳಗದಲ್ಲಿ ಮಡಿದನು. ಆ ಯುದ್ಧದಲ್ಲಿ ಬೂತುಗನ ಆಳು ಮಣಲೆರನು ತೋರಿದ ಪರಾಕ್ರಮಕ್ಕೆ ಒಡೆಯನು ಮೆಚ್ಚಿ, ಏನು ಬೇಕೋ ಕೇಳು ಎಂದನು. ಮಣಲೆರನು ಊರನ್ನು ಕೇಳಲಿಲ್ಲ, ಹೊನ್ನನ್ನು ಕೇಳಲಿಲ್ಲ. ಕಾಳಿಯೆಂಬ ಬೇಟೆನಾಯಿಯನ್ನು ಕೇಳಿ ಪಡೆದನು. ಮುಂದೆ ಕೆಳಲೆ ನಾಡಿನ ಬೆಳತೂರಿನ ಪಡುವಣ ದಿಕ್ಕಿನ ಗುಡ್ಡದಲ್ಲಿ ದೊಡ್ಡದೊಂದು ಕಾಡುಹಂದಿಯ ಮೇಲೆ ಕಾಳಿಯನ್ನು ಬಿಟ್ಟಾಗ ನಾಯಿ, ಹಂದಿಗಳೆರಡೂ ಒಟ್ಟಿಗೆ ಸತ್ತವು. ಅದಕ್ಕಾಗಿ ಚಲ್ಲೇಶ್ವರದ ಮುಂದೆ ಕಲ್ಲು ನಿಂತಿತು.

ಕಥೆ ಇಲ್ಲಿಗೇ ಮುಗಿದಿದ್ದರೆ, ಒಬ್ಬ ಸಾಮಂತನ ನಾಯಿಯ ಮೋಹ ಎಂದು ನಾವು ನಕ್ಕು ಮುಂದಕ್ಕೆ ಹೋಗಬಹುದಾಗಿತ್ತು. ಆದರೆ ಶಾಸನ ಅಲ್ಲಿಗೆ ನಿಲ್ಲುವುದಿಲ್ಲ. ಹಿರಿಯ ಕೆರೆಯ ಕೆಳಗೆ ಎರಡು ಖಂಡುಗ ಮಣ್ಣನ್ನು ಆ ಕಲ್ಲಿಗೆಂದು ಬಿಟ್ಟುಕೊಡುತ್ತದೆ. ಆ ಮಣ್ಣನ್ನು ಕೆಡಿಸಿದವನು ಒಕ್ಕಲಿನವನಾಗಲಿ, ಊರನ್ನಾಳುವವನಾಗಲಿ, ನಾಡನ್ನಾಳುವವನಾಗಲಿ, ಆ ನಾಯಿಯ ಪಾಪಕ್ಕೆ ಗುರಿಯಾಗುತ್ತಾನೆ ಎನ್ನುತ್ತದೆ. ಆ ಸ್ಥಾನವನ್ನು ನೋಡಿಕೊಳ್ಳುವ ಗೊರವನು ಕಲ್ಲಿಗೆ ಪೂಜೆ ಮಾಡದೆ ಉಂಡರೆ ಅವನಿಗೂ ಅದೇ ಪಾಪ. ಅಂದರೆ, ರೈತ, ಊರಿನ ಅಧಿಕಾರಿ, ನಾಡಿನ ಪ್ರಭು, ದೇವಸ್ಥಾನದ ಅರ್ಚಕ ಈ ನಾಲ್ವರನ್ನೂ ಒಂದು ನಾಯಿಯ ನೆನಪಿಗೆ ಕಟ್ಟಿಹಾಕಿದ್ದಾರೆ. ಸಮಾಜದ ಯಾವ ಯಾವ ಸಂಸ್ಥೆಗಳು ಅಂದು ಇದ್ದುವೋ ಅವೆಲ್ಲವೂ ಆ ಎರಡು ಖಂಡುಗದ ಹೊಣೆ ಹೊತ್ತಿವೆ.

ನಾನು ಈ ಹೊತ್ತು ನಿಮ್ಮ ಮುಂದಿಡಬೇಕೆಂದಿರುವುದು ಈ ಎರಡು ಖಂಡುಗದ ವಿಚಾರವನ್ನೇ. ಮನುಷ್ಯನು ತನ್ನ ಸಂಸ್ಥೆಗಳನ್ನು ಕಟ್ಟಿಕೊಳ್ಳುವಾಗ ಪ್ರಾಣಿಗಳನ್ನು ಹೊರಗಿಟ್ಟು ಕಟ್ಟಿಕೊಂಡವನಲ್ಲ. ಸೈನ್ಯಕ್ಕೆ ಎತ್ತು ಕುದುರೆಗಳು ಬೇಕಾದುವು, ರಾಜಪಟ್ಟಕ್ಕೆ ಆನೆ ಬೇಕಾಯಿತು, ದೇವಾಲಯಕ್ಕೆ ಬಸವ ಬೇಕಾದ, ಒಕ್ಕಲುತನಕ್ಕೆ ಎತ್ತಿನ ಜೋಡಿ ಬೇಕಾಯಿತು. ಕರೆದುಕೊಂಡಾಗ ಹೆಸರಿಟ್ಟೆವು, ಕೊಂಬಿಗೆ ಬಣ್ಣ ಬಳಿದೆವು, ಹಣೆಗೆ ಪಟ್ಟ ಕಟ್ಟಿದೆವು. ಈ ಮರ್ಯಾದೆಯಲ್ಲಿ ನಮ್ಮ ನಾಡು ಹಿಂದೆ ಬಿದ್ದುದಿಲ್ಲ. ಆದರೆ ಮರ್ಯಾದೆಯ ಜತೆಗೆ ಬಾಳಿಗೆ ಆಧಾರವಾದ ಮಣ್ಣನ್ನೂ ಬಿಟ್ಟೆವೆ ಎಂಬುದು ಬೇರೆಯೇ ಪ್ರಶ್ನೆ. ಪ್ರಾಣಿಗಳ ವಿಷಯದಲ್ಲಿ ಒಂದು ಸಮಾಜದ ನಡತೆಯನ್ನು ಅಳೆಯಬೇಕಾದರೆ ಅದು ಮಾಡಿದ ಪೂಜೆಯನ್ನು ನೋಡಿದರೆ ಸಾಲದು. ದುಡಿಮೆ ಮುಗಿದ ಮೇಲೆ ಅವುಗಳ ಪಾಲಿಗೆ ಏನು ಉಳಿಯಿತು ಎಂಬುದನ್ನು ನೋಡಬೇಕೆಂದು ನನ್ನ ನಂಬಿಕೆ.

ಈ ಮಾತಿಗೆ ಮೈಸೂರು ಸೀಮೆಯ ಚರಿತ್ರೆಯಲ್ಲಿಯೇ ಒಂದು ದೊಡ್ಡ ನಿದರ್ಶನವಿದೆ. ಅದು ಅಮೃತಮಹಲಿನದು. ಹದಿನೇಳನೆಯ ಶತಮಾನದ ಕೊನೆಯಲ್ಲಿ ಚಿಕ್ಕದೇವರಾಜ ಒಡೆಯರ ಕಾಲಕ್ಕೆ ಅರಮನೆಯ ಹಸುಗಳ ಇಲಾಖೆಗೆ ಬೆಣ್ಣೆಚಾವಡಿ ಎಂಬ ಹೆಸರಿತ್ತು. ಹೆಸರೇ ಹೇಳುವಂತೆ ಹಾಲು ಬೆಣ್ಣೆಗಳ ಸರಬರಾಜು ಅದರ ಕೆಲಸ. ಹೈದರ್ ಅಲಿಯ ಕಾಲಕ್ಕೆ ಅದೇ ಹಸುಗಳ ಗಂಡುಕರುಗಳು ಫಿರಂಗಿಯನ್ನೆಳೆಯುವ ಎತ್ತುಗಳಾದುವು. ಟಿಪ್ಪು ಸುಲ್ತಾನನು ಇಲಾಖೆಗೆ ಅಮೃತಮಹಲ್ ಎಂದು ಹೊಸ ಹೆಸರಿಟ್ಟು, ಅದರ ಆಡಳಿತಕ್ಕೆ ಹುಕುಂನಾಮೆಯನ್ನು ಹೊರಡಿಸಿದನು. ಚಿದಂಬರದ ರಕ್ಷಣೆಗಾಗಿ ಹೈದರನು ಎರಡೂವರೆ ದಿನಗಳಲ್ಲಿ ನೂರು ಮೈಲಿ ನಡೆದು ಹೋದದ್ದು ಈ ಎತ್ತುಗಳ ಬಲದಿಂದ ಎಂದು ಮೈಸೂರಿನ ಗೆಜೆಟಿಯರು ಹೇಳುತ್ತದೆ. 1783ರಲ್ಲಿ ಬಿದನೂರನ್ನು ಮರಳಿ ಪಡೆಯಲು ಟಿಪ್ಪು ಹೋದಾಗಲೂ ಅವನ ಫಿರಂಗಿಗಳ ಹಿಂದೆ ಮುಂದೆ ಇದ್ದುವು ಇವೇ ಎತ್ತುಗಳು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಗೆದ್ದವರು ಕೋಟೆಯನ್ನು ಹೇಗೋ ಹಾಗೆ ಈ ದನಗಳನ್ನೂ ತಮ್ಮ ವಶಕ್ಕೆ ತೆಗೆದುಕೊಂಡರು. 1860ರಲ್ಲಿ ಮಿತವ್ಯಯದ ಹೆಸರಿನಲ್ಲಿ ಇಲಾಖೆಯನ್ನು ಮುಚ್ಚಿದರು. ಒಳ್ಳೆಯ ಎತ್ತುಗಳು ಸಿಕ್ಕದೆ ಹೋದಾಗ 1866ರಲ್ಲಿ ಅದನ್ನು ಮತ್ತೆ ಕಟ್ಟಬೇಕಾಯಿತು.

ಇಲ್ಲಿ ನಾವು ಗಮನಿಸಬೇಕಾದದ್ದು ಯುದ್ಧದ ಸಾಹಸಗಳನ್ನಲ್ಲ, ಈ ದನಗಳು ಎಲ್ಲಿ ಬದುಕಿದುವು ಎಂಬುದನ್ನು. ಅವು ಕೊಟ್ಟಿಗೆಯಲ್ಲಿ ಕಟ್ಟಿ ಸಾಕಿದ ದನಗಳಲ್ಲ. ಅರೆಕಾಡಿನ ಬಯಲುಗಳಲ್ಲಿ ಹಿಂಡುಹಿಂಡಾಗಿ ಅಲೆಯುತ್ತಿದ್ದ, ಮನುಷ್ಯನನ್ನು ಕಂಡರೆ ಬೆದರಿ ಕೊಂಬು ಬೀಸುವ ದನಗಳು. ಅವುಗಳಿಗಾಗಿ ಕಾವಲು ಎಂಬ ಹುಲ್ಲುಗಾವಲುಗಳನ್ನು ಬಿಟ್ಟಿದ್ದರು. ಬೇಸಿಗೆಯಲ್ಲಿ ನೀರು ನೆರಳುಗಳಿರುವ ಕಾವಲು ಬೇರೆ, ಮಳೆಗಾಲದ ಕಾವಲು ಬೇರೆ, ಚಳಿಗಾಲದ್ದು ಬೇರೆ. ಹಿಂಡು ಋತುವನ್ನನುಸರಿಸಿ ಒಂದರಿಂದ ಇನ್ನೊಂದಕ್ಕೆ ಹೋಗುತ್ತಿತ್ತು. ಆಳುವವರು ಬದಲಾದರು, ಇಲಾಖೆಯ ಹೆಸರು ಬದಲಾಯಿತು, ದನಗಳ ಕೆಲಸ ಬೆಣ್ಣೆಯಿಂದ ಫಿರಂಗಿಗೆ ಬದಲಾಯಿತು. ಆದರೂ ತಳಿ ಕೆಡದೆ ಉಳಿಯಿತು. ಏಕೆಂದರೆ ಕಾವಲು ಉಳಿದಿತ್ತು. ಆತಕೂರಿನ ಕಲ್ಲಿಗೆ ಎರಡು ಖಂಡುಗವಿದ್ದಂತೆ ಅಮೃತಮಹಲಿಗೆ ಕಾವಲುಗಳಿದ್ದುವು.

ಫಿರಂಗಿಯನ್ನು ಎಂಜಿನ್ನು ಎಳೆಯತೊಡಗಿದ ಮೇಲೆ ಕಥೆ ಬದಲಾಯಿತು. 1929ರಲ್ಲಿ ಅಜ್ಜಂಪುರದಲ್ಲಿ ಸ್ಥಾಪನೆಯಾದ ತಳಿ ಸಂವರ್ಧನ ಕೇಂದ್ರ ಈ ದನಗಳನ್ನು ಉಳಿಸುವ ಕೆಲಸ ಮಾಡುತ್ತ ಬಂದಿದೆ. ಅದು ಸಂತೋಷದ ವಿಷಯ. ಆದರೆ ಕಾವಲುಗಳು ಒಂದೊಂದಾಗಿ ಬೇರೆ ಬೇರೆ ಕಾರಣಗಳಿಗೆ ಕೈಬಿಟ್ಟು ಹೋದುವು. ಕೆಲವು ಉಳುಮೆಗೆ ಹೋದುವು, ಕೆಲವು ನೆಡುತೋಪುಗಳಾದುವು. ಈ ಶತಮಾನದ ಮೊದಲ ದಶಕದ ಕೊನೆಯಲ್ಲಿ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಕಡೆಯ ಕಾವಲುಗಳಲ್ಲಿ ಸಾವಿರಾರು ಎಕರೆಯನ್ನು ರಕ್ಷಣೆ, ವಿಜ್ಞಾನಗಳಿಗೆ ಸಂಬಂಧಿಸಿದ ದೊಡ್ಡ ಸಂಸ್ಥೆಗಳಿಗೆ ಹಂಚಿಕೊಟ್ಟಾಗ, ಕುರಿ ದನಗಳನ್ನು ಮೇಯಿಸಿಕೊಂಡಿದ್ದ ಸುತ್ತಲ ಹಳ್ಳಿಗಳ ಜನ ದಾರಿ ಕಾಣದೆ ಹೋರಾಟಕ್ಕಿಳಿದರು. ವಿಷಯ ರಾಷ್ಟ್ರೀಯ ಹಸಿರು ನ್ಯಾಯಮಂಡಲಿಯ ಮುಂದೆ ಹೋಯಿತು. ವಿಜ್ಞಾನ ಬೇಡವೆಂದು ಯಾರೂ ಹೇಳುವುದಿಲ್ಲ. ಆದರೆ ಆ ಭೂಮಿಯನ್ನು ಅಳತೆ ಮಾಡುವಾಗ ಖಾಲಿ ಭೂಮಿ ಎಂದುಕೊಳ್ಳುವುದಿದೆಯಲ್ಲ, ಅಲ್ಲಿ ತಪ್ಪಿದೆ. ಅದು ಖಾಲಿಯಾಗಿರಲಿಲ್ಲ. ಒಂದು ಕಾಲದಲ್ಲಿ ರಾಜ್ಯವನ್ನೇ ಹೊತ್ತ ಪ್ರಾಣಿಗಳಿಗೆ ಬಿಟ್ಟಿದ್ದ ಪಾಲು ಅದು. ಶಾಪ ಹಾಕಿ ಕಾಯಲು ಅಲ್ಲಿ ಕಲ್ಲೊಂದು ಇರಲಿಲ್ಲ, ಅಷ್ಟೆ.

ಎತ್ತಿನ ಮಾತು ಬಂದಾಗ ನನ್ನ ಮನೆಯದೇ ಒಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲಾರೆ. ನಾನು ಹುಡುಗನಾಗಿದ್ದಾಗ ನಮ್ಮ ಮನೆಯಲ್ಲಿ ಬೆಳ್ಳ ಎಂಬ ಎತ್ತಿತ್ತು. ಹನ್ನೆರಡು ವರ್ಷ ನಮ್ಮ ಹೊಲವನ್ನು ಉತ್ತ ಎತ್ತು. ಸಂಕ್ರಾಂತಿಯ ಸಂಜೆ ಅದರ ಮೈತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಕೊರಳಿಗೆ ಗೆಜ್ಜೆ ಕಟ್ಟಿ, ನನ್ನ ಅಜ್ಜಿ ಆರತಿ ಎತ್ತಿ ಕಿಚ್ಚು ಹಾಯಿಸಲು ಕಳುಹಿಸುತ್ತಿದ್ದಳು. ಒಂದು ವರ್ಷ ಅದರ ಮುಂಗಾಲು ಸೋತಿತು. ಆ ವರ್ಷವೂ ಸಂಕ್ರಾಂತಿಗೆ ಬಣ್ಣ ಹಚ್ಚಿದೆವು. ಮುಂದಿನ ಜಾತ್ರೆಗೆ ಅಪ್ಪ ಅದನ್ನು ಹೊಡೆದುಕೊಂಡು ಹೊರಟರು. ನಾನೂ ಜತೆಗೆ ಹೋದೆ. ದಲ್ಲಾಳಿಯು ಟವೆಲ್ಲಿನ ಮರೆಯಲ್ಲಿ ಅಪ್ಪನ ಬೆರಳುಗಳನ್ನು ಹಿಡಿದು ಬೆಲೆ ಹೇಳಿದ. ಕೊಂಬಿನ ಬಣ್ಣ ಇನ್ನೂ ಪೂರ್ತಿ ಮಾಸಿರಲಿಲ್ಲ. ನಮ್ಮ ಕಡೆ ದನವನ್ನು ಮಾರಿದರೂ ಹಗ್ಗವನ್ನು ಮಾರುವುದಿಲ್ಲ. ಅಪ್ಪ ಹಗ್ಗವನ್ನು ಬಿಚ್ಚಿ ಹೆಗಲಿಗೆ ಹಾಕಿಕೊಂಡರು. ದಾರಿಯುದ್ದಕ್ಕೂ ನಾವಿಬ್ಬರೂ ಮಾತಾಡಲಿಲ್ಲ. ಮನೆಗೆ ಬಂದು ಹಗ್ಗವನ್ನು ಗೂಟಕ್ಕೆ ತೂಗುಹಾಕಿದಾಗ ಅಜ್ಜಿ ಅದನ್ನು ನೋಡಿ, “ದೇವರಿಗೆ ಆರತಿ ಎತ್ತಿದ ಮೇಲೆ ದೇವರನ್ನು ಮಾರಿದ ಹಾಗಾಯಿತಲ್ಲಪ್ಪ,” ಎಂದಳು. ಅಪ್ಪ, “ಬಡ್ಡಿ ಕಟ್ಟಬೇಕವ್ವ,” ಎಂದಷ್ಟೇ ಹೇಳಿ ಹಿತ್ತಿಲಿಗೆ ಹೋದರು.

ಅಪ್ಪ ಕಟುಕ ಮನಸ್ಸಿನವರಲ್ಲ. ಮುದಿ ಎತ್ತಿಗೆ ಹಾಕುವ ಹುಲ್ಲು ಹೊಸ ಎತ್ತಿನ ಬಾಯಿಂದ ತೆಗೆದ ಹುಲ್ಲು ಎಂಬುದು ಬಡ ಒಕ್ಕಲಿಗನ ಲೆಕ್ಕ. ಆ ಲೆಕ್ಕವನ್ನು ಊರಲ್ಲಿ ಕುಳಿತು ಹೀನಾಯವಾಗಿ ನೋಡುವ ಹಕ್ಕು ನಮಗೆ ಯಾರಿಗೂ ಇಲ್ಲ. ಗೋಮಾಳವಿದ್ದ ಹಳ್ಳಿಯಲ್ಲಿ ಮುದಿ ದನವೂ ಹೇಗೋ ಮೇದುಕೊಂಡು ಕೊನೆಗಾಲ ಕಳೆಯುತ್ತಿತ್ತು. ಗೋಮಾಳ ಹೋದ ಮೇಲೆ ಅದರ ಹೊರೆಯೆಲ್ಲ ಒಬ್ಬ ರೈತನ ಹೆಗಲಿಗೆ ಬಿತ್ತು. ಆದ್ದರಿಂದ ನನ್ನ ಆಕ್ಷೇಪಣೆ ಒಂಟಿ ಮನುಷ್ಯನ ಮೇಲಲ್ಲ. ಬಡವನಿಗೆ ಇರುವ ಕ್ಷಮೆ ದೊಡ್ಡ ಸಂಸ್ಥೆಗಳಿಗೆ ಇರಲಾರದು. ಬೊಕ್ಕಸವಿರುವವರು, ಭೂಮಿಯಿರುವವರು, ಪ್ರಾಣಿಯ ಹೆಸರಿನಿಂದ ಕೀರ್ತಿಯನ್ನು ಪಡೆಯುವವರು, ಬಡ್ಡಿ ಕಟ್ಟಬೇಕು ಎನ್ನುವಂತಿಲ್ಲ.

ಈಗ ಮೈಸೂರಿನ ಆನೆಗಳ ಕಡೆಗೆ ಬರೋಣ. 1874ರಲ್ಲಿ ಸ್ಯಾಂಡರ್ಸನ್ ಎಂಬ ಅಧಿಕಾರಿ ಮೈಸೂರು ಸೀಮೆಯಲ್ಲಿ ಖೆಡ್ಡಾ ಹೂಡಿ ಆನೆಯ ಹಿಂಡನ್ನು ಸೆರೆಹಿಡಿದನು. ಕಾಕನಕೋಟೆಯ ಖೆಡ್ಡಾ ಮುಂದೆ ಜಗತ್ಪ್ರಸಿದ್ಧವಾಯಿತು. ವೈಸರಾಯರು, ರಾಜಕುಮಾರರು ಕುಳಿತು ನೋಡುವ ಉತ್ಸವವಾಯಿತು. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಆಮೇಲೆ ಆ ಕಾಡಿನ ಒಂದು ಭಾಗವನ್ನು ಕಬಿನಿಯ ನೀರು ಮುಚ್ಚಿತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಿತು. ಖೆಡ್ಡಾದ ಮರ್ಮವೇನೆಂದರೆ, ಕಾಡಾನೆಯನ್ನು ಕಟ್ಟುವುದು ಮನುಷ್ಯನಿಂದಾಗದ ಕೆಲಸ. ಮೊದಲೇ ಸೆರೆಯಾಗಿ ಪಳಗಿದ ಆನೆಗಳೇ ಹೊಸದಾಗಿ ಸಿಕ್ಕಿದವನ್ನು ಎರಡು ಪಕ್ಕದಲ್ಲಿಯೂ ಒತ್ತಿ ನಿಂತು ಹಗ್ಗಕ್ಕೆ ಒಪ್ಪಿಸಬೇಕು. ಸೆರೆಯಾದವನ ಕೈಯಿಂದಲೇ ಇನ್ನೊಬ್ಬನನ್ನು ಸೆರೆಹಿಡಿಸುವ ಈ ವಿದ್ಯೆ ಖೆಡ್ಡಾ ನಿಂತ ಮೇಲೂ ನಿಲ್ಲಲಿಲ್ಲ.

ದಸರೆಯ ಜಂಬೂಸವಾರಿಯಲ್ಲಿ ಸುಮಾರು ಏಳೂವರೆ ನೂರು ಕಿಲೋ ತೂಕದ ಚಿನ್ನದ ಅಂಬಾರಿಯನ್ನು ಹೊರುವ ಆನೆಗೆ ನಾಡಿನಲ್ಲಿರುವ ಗೌರವ ಮಂತ್ರಿಗಳಿಗೂ ಇಲ್ಲ. ದ್ರೋಣನೆಂಬ ಆನೆ 18 ಬಾರಿ ಅಂಬಾರಿಯನ್ನು ಹೊತ್ತಿತು. 1998ರಲ್ಲಿ ನಾಗರಹೊಳೆಯ ಕಾಡಿನಲ್ಲಿ ಮೇಯುತ್ತಿದ್ದಾಗ ವಿದ್ಯುತ್ ತಂತಿ ತಗುಲಿ ಸತ್ತಿತು. ದ್ರೋಣನ ಬಳಿಕ ಬಂದ ಬಲರಾಮನು ಅಂಬಾರಿಯ ಕೆಲಸದಿಂದ ಬಿಡುಗಡೆ ಹೊಂದಿ, ಹಲವು ವರ್ಷ ಬದುಕಿದ್ದು 2023ರ ಮೇ ತಿಂಗಳಲ್ಲಿ ಕಾಯಿಲೆಯಿಂದ ತೀರಿಕೊಂಡನು. ಬಲರಾಮನ ಬಳಿಕ ಬಂದವನು ಅರ್ಜುನ. 1968ರಲ್ಲಿ ಕಾಕನಕೋಟೆಯಲ್ಲಿ ಸೆರೆಸಿಕ್ಕಿದ ಆನೆ. 2012ರಿಂದ 2019ರವರೆಗೆ ಎಂಟು ವರ್ಷ ಅಂಬಾರಿಯನ್ನು ಹೊತ್ತನು. ಅರವತ್ತು ದಾಟಿದ ಆನೆಯ ಮೇಲೆ ಅಷ್ಟು ಭಾರ ಹೊರಿಸಬಾರದೆಂದು ಅವನನ್ನು ಅಂಬಾರಿಯಿಂದ ಬಿಡಿಸಿದರು. ನ್ಯಾಯವಾದ ಕೆಲಸ.

ಆದರೆ ಅಂಬಾರಿಯಿಂದ ಬಿಡುಗಡೆಯಾದ ಅರ್ಜುನನಿಗೆ ದುಡಿಮೆಯಿಂದ ಬಿಡುಗಡೆ ಸಿಕ್ಕಲಿಲ್ಲ. ಹಾಸನ ಜಿಲ್ಲೆಯ ತೋಟಗಳಿಗೆ ನುಗ್ಗುವ ಕಾಡಾನೆಗಳನ್ನು ಹಿಡಿಯುವ ಕಾರ್ಯಾಚರಣೆಗೆ ಅವನನ್ನು ಕರೆದೊಯ್ದರು. 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರು ವಲಯದಲ್ಲಿ ಮದವೇರಿದ ಕಾಡಾನೆಯೊಡನೆ ಸೆಣಸಿ ಅರ್ಜುನನು ಸತ್ತನು. ಸಾಕಿದ ಮಾವುತನು ಅತ್ತುದನ್ನು ನಾಡೆಲ್ಲ ನೋಡಿತು. ಸ್ಮಾರಕ ಬೇಕೆಂದು ಜನರು ಕೇಳಿದರು. ಮನೆಮನೆಗಳಲ್ಲಿ ಅವನ ಚಿತ್ರಕ್ಕೆ ಹೂವಿಟ್ಟವರಿದ್ದಾರೆ.

ಆ ದುಃಖ ಹುಸಿಯಲ್ಲ. ಸಾವಿರ ವರ್ಷಗಳ ಹಿಂದೆ ಬೆಳತೂರಿನ ಗುಡ್ಡದಲ್ಲಿ ಕಾಳಿ ಸತ್ತಾಗ ಮಣಲೆರನಿಗೆ ಆದ ದುಃಖವೂ ಹುಸಿಯಲ್ಲ. ಎರಡೂ ಒಂದೇ ಬಗೆಯ ಸಾವು. ಒಡೆಯರ ಆಜ್ಞೆಯಂತೆ ಕಾಡುಪ್ರಾಣಿಯ ಮೇಲೆ ಹೋಗಿ ಬಿದ್ದ ಸಾವು. ಆದರೆ ಮಣಲೆರನ ಕಾಲದಲ್ಲಿ ಕಲ್ಲಿನ ಜತೆಗೆ ಮಣ್ಣನ್ನೂ ಬಿಡಬೇಕೆಂಬ ತಿಳಿವಳಿಕೆ ಇತ್ತು. ನಮ್ಮಲ್ಲಿ ಕಲ್ಲಿನ ಬೇಡಿಕೆಯೇ ಮೊದಲು ಕೇಳಿಬರುತ್ತದೆ. ತೋಟಗಳಿಗೆ ಆನೆ ಏಕೆ ಬರುತ್ತದೆ? ಅದರ ಹಾದಿ ತುಂಡಾದುದರಿಂದ, ಅದರ ಕಾಡು ಕಿರಿದಾದುದರಿಂದ. ಬೆಳೆ ಕಳೆದುಕೊಂಡ, ಮನೆಯವರನ್ನು ಕಳೆದುಕೊಂಡ ರೈತನ ಸಂಕಟ ನಿಜವಾದದ್ದು. ಅವನಿಗೆ ಸಹಾಯ ಬೇಕೇ ಬೇಕು. ಆದರೆ ಆನೆಯ ಮಣ್ಣಿನ ಪ್ರಶ್ನೆಯನ್ನು ಬಿಡಿಸದೆ, ಅರವತ್ತು ದಾಟಿದ ಆನೆಯನ್ನು ಇನ್ನೊಂದು ಆನೆಯ ಎದುರಿಗೆ ನಿಲ್ಲಿಸಿದೆವು.

ಕಾನೂನು ಇಲ್ಲವೆ ಎಂದು ನೀವು ಕೇಳಬಹುದು. ಇದೆ. ರಾಜ್ಯಸಭೆಯ ಸದಸ್ಯೆಯಾಗಿದ್ದ ರುಕ್ಮಿಣೀದೇವಿ ಅರುಂಡೇಲ್ ಅವರು 1950ರ ದಶಕದಲ್ಲಿ ಹಟ ಹಿಡಿದು ಮಂಡಿಸಿದ ಮಸೂದೆಯ ಫಲವಾಗಿ 1960ರಲ್ಲಿ ಪ್ರಾಣಿಹಿಂಸಾ ನಿವಾರಣಾ ಕಾಯಿದೆ ಬಂದಿತು. ಸಾಕಿದವನು ಪ್ರಾಣಿಯ ಕ್ಷೇಮವನ್ನು ನೋಡಿಕೊಳ್ಳಬೇಕು, ಅದಕ್ಕೆ ಅನಗತ್ಯವಾದ ನೋವಾಗದಂತೆ ತಡೆಯಬೇಕು ಎಂದು ಅದರ ಮೂರನೆಯ ಪ್ರಕರಣ ಹೇಳುತ್ತದೆ. ಬಹಳ ಒಳ್ಳೆಯ ಮಾತು. ಆದರೆ “ಅನಗತ್ಯ” ಎಂಬ ಆ ಒಂದು ಪದದ ಮೇಲೆ ನನ್ನ ದೃಷ್ಟಿ ನಿಲ್ಲುತ್ತದೆ. ಅಗತ್ಯ ಯಾವುದು, ಅನಗತ್ಯ ಯಾವುದು ಎಂಬುದನ್ನು ನಿರ್ಧರಿಸುವವರು ನಾವೇ. ನಮ್ಮ ಕರಾವಳಿಯ ಕಂಬಳದ ವಿಷಯದಲ್ಲಿ ಏನಾಯಿತೆಂಬುದನ್ನು ನೆನೆಯಿರಿ. 2014ರಲ್ಲಿ ಸರ್ವೋಚ್ಚ ನ್ಯಾಯಾಲಯವು ಜಲ್ಲಿಕಟ್ಟಿನ ಬಗ್ಗೆ ಕೊಟ್ಟ ತೀರ್ಪಿನ ನೆರಳು ಕಂಬಳದ ಮೇಲೂ ಬಿದ್ದಿತು. 2017ರಲ್ಲಿ ಕರ್ನಾಟಕವು ಕಾಯಿದೆಗೆ ತಿದ್ದುಪಡಿ ತಂದಿತು. 2023ರ ಮೇ ತಿಂಗಳಲ್ಲಿ ಅದೇ ನ್ಯಾಯಾಲಯವು ತಿದ್ದುಪಡಿಯನ್ನು ಎತ್ತಿಹಿಡಿಯಿತು. ಕೋಣಗಳನ್ನು ಮಕ್ಕಳಂತೆ ಸಾಕುವ ಮನೆತನಗಳನ್ನು ಕಂಡವರು ಒಂದು ಕಡೆ, ಬೆನ್ನಿನ ಮೇಲಿನ ಬಾಸುಂಡೆಯನ್ನು ಕಂಡವರು ಇನ್ನೊಂದು ಕಡೆ. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ಆದರೆ ವಾದವೆಲ್ಲ ಕೋಣವು ಓಡುವ ಆ ಕೆಲವು ಕ್ಷಣಗಳ ಮೇಲೆ ನಡೆಯಿತು. ಓಟ ನಿಲ್ಲಿಸಿದ ಮೇಲೆ ಆ ಕೋಣ ಎಲ್ಲಿ ಹೇಗೆ ಬದುಕುತ್ತದೆ ಎಂಬ ಪ್ರಶ್ನೆ ಆ ಗದ್ದಲದಲ್ಲಿ ಹಿಂದೆ ಸರಿಯಿತು.

ಹಳೆಯದನ್ನೆಲ್ಲ ಹೊಗಳಲು ನಾನು ಈ ಮಾತುಗಳನ್ನು ಹೇಳುತ್ತಿಲ್ಲ. ಕಾಳಿಯನ್ನು ಹಂದಿಯ ಮೇಲೆ ಬಿಟ್ಟವರು ಕಾಳಿಯ ಒಪ್ಪಿಗೆಯನ್ನು ಕೇಳಲಿಲ್ಲ. ಕಲ್ಲಿನ ಮೇಲೆ ಚಿತ್ರವಾಗಿ ನಿಂತ ಆ ಹಂದಿಗೆ, ಅದೂ ಅಷ್ಟೇ ಶೌರ್ಯದಿಂದ ಕಾದಿ ಸತ್ತಿದ್ದರೂ, ಒಂದು ಹಿಡಿ ಮಣ್ಣೂ ದೊರೆಯಲಿಲ್ಲ. ನಾಯಿಯ ಕೀರ್ತಿಯಲ್ಲಿ ಒಡೆಯನ ಕೀರ್ತಿಯೂ ಸೇರಿದೆಯೆಂಬುದನ್ನು ಕಾಣದಷ್ಟು ನಾವು ಮುಗ್ಧರಲ್ಲ. ಇಷ್ಟೆಲ್ಲ ಹೇಳಿದ ಮೇಲೂ ಒಂದು ಮಾತು ಉಳಿಯುತ್ತದೆ. ತನಗಾಗಿ ದುಡಿದು ಸತ್ತ ಪ್ರಾಣಿಯ ಋಣ ಕಣ್ಣೀರಿನಿಂದ ತೀರುವುದಿಲ್ಲ, ಅದಕ್ಕೆ ಆಸ್ತಿಯ ಆಧಾರ ಬೇಕು, ಆ ಆಸ್ತಿಯನ್ನು ಕಾಯಲು ಊರೂ ನಾಡೂ ಹೊಣೆಯಾಗಬೇಕು ಎಂಬುದು ಹತ್ತನೆಯ ಶತಮಾನದ ಆ ಕನ್ನಡಿಗನಿಗೆ ಹೊಳೆದಿತ್ತು. ಆ ಹೊಳವನ್ನು ನಾವು ಸತ್ತ ಪ್ರಾಣಿಯಿಂದ ಬದುಕಿರುವ ಪ್ರಾಣಿಗೆ ವಿಸ್ತರಿಸಿದರೆ ಸಾಕು. ಅಮೃತಮಹಲಿನ ಉಳಿದ ಕಾವಲುಗಳು ಕಾವಲುಗಳಾಗಿಯೇ ಇರಲಿ. ಹಳ್ಳಿಯ ಗೋಮಾಳ ಗೋಮಾಳವಾಗಿಯೇ ಇರಲಿ. ಅಂಬಾರಿಯನ್ನು ಇಳಿಸಿದ ಆನೆಗೆ ಆ ದಿನದಿಂದಲೇ ಕಾಡಿನ ಶಿಬಿರದಲ್ಲಿ ವಿಶ್ರಾಂತಿ ಎಂಬುದು ದಯೆಯ ಮಾತಾಗದೆ ಕಟ್ಟಳೆಯಾಗಲಿ.

ನಮ್ಮ ಹಳೆಯ ಮನೆಯನ್ನು ಬಿಚ್ಚಿಸುವಾಗ ಬೆಳ್ಳನ ಹಗ್ಗ ಸಿಕ್ಕಿತು. ಅಪ್ಪ ಅದನ್ನು ಬೇರೆ ಯಾವ ಎತ್ತಿಗೂ ಕಟ್ಟಿರಲಿಲ್ಲ, ಎಸೆದೂ ಇರಲಿಲ್ಲ. ಕಲ್ಲು ನಿಲ್ಲಿಸಲು, ಮಣ್ಣು ಬಿಡಲು ಶಕ್ತಿಯಿಲ್ಲದ ಒಬ್ಬ ಬಡ ಒಕ್ಕಲಿಗನು ತನ್ನ ಸಾಲವನ್ನು ಮರೆಯದೆ ಇಟ್ಟುಕೊಂಡ ಬಗೆ ಅದು. ಅವರಿಗೆ ಸಾಧ್ಯವಿದ್ದದ್ದು ಅಷ್ಟೆ. ನಮ್ಮ ನಾಡಿಗೆ, ನಮ್ಮ ಸರ್ಕಾರಕ್ಕೆ, ನಮ್ಮ ಉತ್ಸವಗಳಿಗೆ ಅದಕ್ಕಿಂತ ಹೆಚ್ಚಿನದು ಸಾಧ್ಯವಿದೆ.

(ಬಾನುಲಿ ಭಾಷಣ)